ಕೆಂಪಡಿಕೆಯ ರುಚಿ ಬಲ್ಲವರು

ಮದುವೆಮನೆಯ ಊಟ ಮುಗಿಸಿ ಕೈತೊಳೆದು ಬಂದವರ ಮುಂದೆ ತಾಂಬೂಲದ ತಟ್ಟೆ ಬರುತ್ತದೆ. ಎಲೆಯನ್ನು ಆರಿಸುವಾಗ ನಮ್ಮವರು ತೋರುವ ಎಚ್ಚರವನ್ನು ನೋಡಬೇಕು. ಚಿಗುರೋ ಬಲಿತದ್ದೋ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ತೊಟ್ಟು ಮುರಿದು, ನಾರು ತೆಗೆದು, ಬೆನ್ನಿಗೆ ಹದವಾಗಿ ಸುಣ್ಣ ಸವರುತ್ತಾರೆ. ಅಡಿಕೆಯ ಸರದಿ ಬಂದಾಗ ಈ ವಿವೇಚನೆಯೆಲ್ಲ ಮಾಯವಾಗುತ್ತದೆ. ಕೈಗೆ ಸಿಕ್ಕಷ್ಟನ್ನು ಚಿಟಿಕೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆಯಲ್ಲಿಯೂ ಅಡಿಕೆ ಎಂದರೆ ಅತ್ಯಲ್ಪವಾದ ವಸ್ತು ಎಂದೇ ಅರ್ಥ.

ಈ ಗಾದೆಯನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ತೋಟದವರ ಮುಂದೆ ಹೇಳಿದರೆ ಅವರು ನಕ್ಕಾರು. ಮಗಳ ಮದುವೆ, ಮಗನ ಓದು, ಮನೆಯ ಹೆಂಚು, ಬ್ಯಾಂಕಿನ ಕಂತು ಎಲ್ಲವೂ ಅಲ್ಲಿ ಅಡಿಕೆಯ ಗೊನೆಗೇ ಜೋತುಬಿದ್ದಿವೆ. ಅಡಿಕೆಯ ಗುಣವನ್ನು ಕಣ್ಣಿನಿಂದ, ಕಿವಿಯಿಂದ, ಮೂಗಿನಿಂದ, ಕೊನೆಗೆ ನಾಲಿಗೆಯಿಂದ ಅಳೆಯಬಲ್ಲವರೂ ಆ ಸೀಮೆಯಲ್ಲಿದ್ದಾರೆ. ಅವರ ವಿದ್ಯೆ ಎಂಥದು, ಅದರ ಬೆಲೆ ಏನು ಎಂಬುದನ್ನು ಅಡಿಕೆ ಮೆಲ್ಲುವವರೂ ಮೆಲ್ಲದವರೂ ತಿಳಿಯುವುದು ಒಳ್ಳೆಯದು.

ಮಲೆನಾಡಿನ ಸೆರಗು, ಬಯಲಿನ ಅಂಚು

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಕಡೂರು ಬಯಲುಸೀಮೆಯದು, ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಮದಗದ ಕೆರೆಯೂ, ಸಖರಾಯಪಟ್ಟಣದ ಅಯ್ಯನಕೆರೆಯೂ ಅಲ್ಲಿನ ತೋಟಗಳಿಗೆ ನೀರುಣಿಸಿದ ಹಿರಿಯ ಜಲಾಶಯಗಳು. ತರೀಕೆರೆಯದು ಮಲೆನಾಡಿನ ಸೆರಗು. ಭದ್ರಾ ಅಣೆಕಟ್ಟು ನಿಂತಿರುವ ಲಕ್ಕವಳ್ಳಿ ಈ ತಾಲ್ಲೂಕಿನದೇ. ಅಮೃತಮಹಲ್ ರಾಸುಗಳ ತಳಿಕೇಂದ್ರದಿಂದ ಹೆಸರಾದ ಅಜ್ಜಂಪುರ ಹಿಂದೆ ತರೀಕೆರೆಗೆ ಸೇರಿದ್ದು, ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಶಿವಮೊಗ್ಗೆಯ ಕಡೆಗೆ ರೈಲುದಾರಿ ಕವಲೊಡೆಯುವ ಬೀರೂರು, ತೆಂಗು ಅಡಿಕೆಗಳ ಪೇಟೆ.

ಕೆರೆಯ ಹಿಂದೆ, ಹಳ್ಳದ ಬದಿಯಲ್ಲಿ ಮಾತ್ರ ಇದ್ದ ಅಡಿಕೆ ತೋಟ ಈಚಿನ ದಶಕಗಳಲ್ಲಿ ಕೊಳವೆಬಾವಿಯ ಬೆನ್ನುಹತ್ತಿ ಬಯಲಿಗೂ ಇಳಿದಿದೆ. ರಾಗಿ, ಈರುಳ್ಳಿ ಬೆಳೆಯುತ್ತಿದ್ದ ಹೊಲದಲ್ಲಿ ಅಡಿಕೆಯ ಸಾಲು ಕಾಣುತ್ತದೆ. ಸಸಿ ನೆಟ್ಟು ಫಲ ಕಾಣಲು 5ರಿಂದ 7 ವರ್ಷ ಬೇಕು. ಅಷ್ಟು ಕಾಲ ಕಾಯ್ದ ರೈತ, ಮಳೆ ತಪ್ಪಿದ ವರ್ಷ ಟ್ಯಾಂಕರಿನಲ್ಲಿ ನೀರು ತರಿಸಿಯಾದರೂ ಮರ ಉಳಿಸಿಕೊಳ್ಳಲು ಹೆಣಗುತ್ತಾನೆ.

ಹಣ್ಣಾಗುವ ಮುನ್ನವೇ

ಅಡಿಕೆಯಲ್ಲಿ ಎರಡು ಸಂಪ್ರದಾಯಗಳುಂಟು. ಕರಾವಳಿಯಲ್ಲಿ ಕಾಯಿ ಮರದಲ್ಲೇ ಹಣ್ಣಾಗಿ ಕಿತ್ತಳೆಬಣ್ಣಕ್ಕೆ ತಿರುಗಬೇಕು. ಅದನ್ನು ಸಿಪ್ಪೆಯ ಸಮೇತ ವಾರಗಟ್ಟಲೆ ಬಿಸಿಲಿನಲ್ಲಿ ಒಣಗಿಸಿ ಸುಲಿದರೆ ಬಿಳಿಯ ಚಾಲಿ ಅಡಿಕೆ. ತರೀಕೆರೆ, ಕಡೂರುಗಳದು ಕೆಂಪಡಿಕೆಯ ಸಂಪ್ರದಾಯ. ಇಲ್ಲಿ ಕಾಯಿ ಹಸಿರಾಗಿರುವಾಗಲೇ ಗೊನೆ ಇಳಿಯುತ್ತದೆ. ಎಳೆಯ ಕಾಯಿಯಲ್ಲಿ ಒಗರು ಹೆಚ್ಚು. ಬಲಿತಂತೆ ಒಗರು ಇಳಿದು ಗಟ್ಟಿತನ ಏರುತ್ತದೆ. ಈ ಎರಡರ ನಡುವೆ ಯಾವ ದಿನ ಕೊಯ್ಯಬೇಕು ಎಂಬ ನಿರ್ಣಯದಲ್ಲಿಯೇ ರುಚಿಯ ಅರ್ಧಭಾಗ ಅಡಗಿದೆ.

ಕೊಯ್ದ ದಿನವೇ ಸುಲಿಯುವ ಕೆಲಸ ಆರಂಭವಾಗಬೇಕು. ಸುಲಿದ ಅಡಿಕೆ ತಾಮ್ರದ ಹಂಡೆಗೆ ಬೀಳುತ್ತದೆ. ಹಂಡೆಯಲ್ಲಿರುವುದು ಬರಿಯ ನೀರಲ್ಲ. ಹಿಂದಿನ ಬೇಯಿಸುವಿಕೆಗಳಿಂದ ಉಳಿದು ಮಂದವಾದ ಚೊಗರು ಅದಕ್ಕೆ ಸೇರಿರುತ್ತದೆ. ಕುದಿಯುವಾಗ ಅಡಿಕೆಯ ಒಗರಿನ ಒಂದಂಶ ನೀರಿಗಿಳಿಯುತ್ತದೆ. ಆ ನೀರು ಮತ್ತೆ ಮತ್ತೆ ಕಾಯ್ದು ಕಡುಗೆಂಪಾಗಿ, ಮುಂದಿನ ಅಡಿಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುತ್ತದೆ. ಒಂದು ಅಡಿಕೆ ಬಿಟ್ಟುಕೊಟ್ಟದ್ದು ಇನ್ನೊಂದಕ್ಕೆ ಒಡವೆಯಾಗುವ ಈ ಏರ್ಪಾಡು ಬಹು ಹಳೆಯದು. ಬಳಿಕ ಅಂಗಳದಲ್ಲೋ ತಟ್ಟಿಯ ಮೇಲೋ ದಿನಗಟ್ಟಲೆ ಬಿಸಿಲು. ಆ ದಿನಗಳಲ್ಲಿ ಅಕಾಲದ ಮೋಡ ಕವಿದರೆ ಮನೆಮಂದಿಯ ಮುಖವೂ ಕಪ್ಪಿಡುತ್ತದೆ. ಬೂಷ್ಟು ಹಿಡಿದ ಅಡಿಕೆಗೆ ಯಾವ ಚೊಗರೂ ಕಳೆ ತಾರದು.

ಇಷ್ಟೆಲ್ಲ ಆದಮೇಲೆ 100 ಕಿಲೋ ಹಸಿಕಾಯಿಗೆ ಕೈಗೆ ಬರುವ ಒಣಅಡಿಕೆ ಸುಮಾರು 12ರಿಂದ 14 ಕಿಲೋ ಮಾತ್ರ.

ಸಾಗರದಾಚೆಯ ಸೋದರ

ದೂರದ ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿಯೂ ಇಂಥದೇ ಒಂದು ವಿದ್ಯೆ ಬೆಳೆದಿದೆ. ಅಲ್ಲಿನದು ಹೊಗೆಸೊಪ್ಪು. 1959ರ ಕ್ರಾಂತಿಯ ಅನಂತರ ಕ್ಯೂಬಾ ಬಿಟ್ಟು ಹೊರಟ ಬೆಳೆಗಾರರಲ್ಲಿ ಕೆಲವರು ನಿಕರಾಗುವಾದ ಎಸ್ತೆಲಿ, ಹಲಾಪ ಕಣಿವೆಗಳ ಫಲವತ್ತಾದ ಮಣ್ಣಿನಲ್ಲಿ ನೆಲೆ ಕಂಡರು. ಅಲ್ಲಿ ಸುತ್ತುವ ಸಿಗಾರುಗಳಲ್ಲಿ ಕಡುಗಂದು ಬಣ್ಣದ ಹೊರಎಲೆಯುಳ್ಳ ಬಗೆಗೆ 'ಮದೂರೋ' ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಮಾತಿಗೆ 'ಮಾಗಿದ್ದು' ಎಂದು ಅರ್ಥ. ಎಲೆಗಳನ್ನು ಒತ್ತಾಗಿ ರಾಶಿ ಹಾಕಿದರೆ ಅವು ತಮ್ಮ ಕಾವಿನಿಂದ ತಾವೇ ಬಿಸಿಯಾಗುತ್ತವೆ. ಹುಲ್ಲಿನಲ್ಲಿ ಅಡೆ ಹಾಕಿದ ಮಾವಿನಂತೆ ಒಳಗೊಳಗೇ ಮಾಗುತ್ತವೆ. ಕಾವು ಮಿತಿಮೀರುವ ಮುನ್ನ ರಾಶಿಯನ್ನು ಒಡೆದು ಮೇಲು ಕೆಳಗು ಮಾಡಬೇಕು. ಉಳಿದ ಎಲೆಗಿಂತ ಹೆಚ್ಚು ಕಾಲ, ಹೆಚ್ಚು ಕಾವಿನಲ್ಲಿ ಮಾಗಿದ ಎಲೆಗೆ ಆ ಗಾಢವರ್ಣ ಬರುತ್ತದೆ. ಅದರ ರಸಿಕರು ಅದರಲ್ಲಿ ಹುರಿದ ಕಾಫಿಬೀಜದ ಕಂಪು, ಕೋಕೋವಿನ ಕಹಿ, ಬೆಲ್ಲದಂಥ ಸವಿ, ಮೆಣಸಿನ ಚುರುಕು ಇವೆಯೆಂದು ವರ್ಣಿಸುತ್ತಾರೆ. ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲಿ ಆಡಿಸಿ ಬಿಡುವುದು, ನಿಮಿಷಕ್ಕೊಂದು ಸೇದಿನಂತೆ ಸಾವಕಾಶವಾಗಿ ಸವಿಯುವುದು ಅವರ ಪದ್ಧತಿ.

ಹಸಿರು ಕಾಯಿಯನ್ನು ಕುದಿಸಿ ಕೆಂಪಾಗಿಸುವ ತರೀಕೆರೆಯವರಿಗೂ ಎಲೆಯನ್ನು ಕಾವಿನಲ್ಲಿ ಕಪ್ಪಾಗಿಸುವ ಎಸ್ತೆಲಿಯವರಿಗೂ ಪರಸ್ಪರ ಪರಿಚಯವಿಲ್ಲ. ಆದರೆ ಬಣ್ಣ ನೋಡಿ ಪಾಕ ತಿಳಿಯುವ ಕಣ್ಣು ಇಬ್ಬರಿಗೂ ಒಂದೇ. ಬಣ್ಣ ಹಾಕಿ ಮೋಸಮಾಡುವವರ ಕಾಟವೂ ಎರಡೂ ಕಡೆ ಉಂಟು.

ಪರೀಕ್ಷೆಯ ಕ್ರಮ

ಅಡಿಕೆ ಪೇಟೆಯಲ್ಲಿ ಕೆಂಪಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವರ್ಗಗಳಿವೆ. ಹಸ ಎಂದೂ ಕರೆಯಿಸಿಕೊಳ್ಳುವ ಸರಕು ಎಳೆಯ ಅಡಿಕೆಯದು, ಅದಕ್ಕೇ ಅಗ್ರಸ್ಥಾನ. ಸೀಳಿ ಬೇಯಿಸಿದ ಹೋಳು ಬೆಟ್ಟೆ. ಇಡಿಯಾಗಿ ಬೆಂದದ್ದು ರಾಶಿ. ಬಲಿತು ಒರಟಾದ ಗೊರಬಲಿಗೆ ಕೊನೆಯ ಪಂಕ್ತಿ. 1939ರಲ್ಲಿ ಶಿವಮೊಗ್ಗೆಯಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್ ಮೊದಲ್ಗೊಂಡು ಖಾಸಗಿ ಮಂಡಿಗಳವರೆಗೆ ಎಲ್ಲರ ಧಾರಣೆಯೂ ಈ ಹೆಸರುಗಳ ಮೇಲೆಯೇ ನಿಂತಿದೆ. ವರ್ಗ ಒಂದು ಮೆಟ್ಟಿಲು ಕೆಳಗಿಳಿದರೆ ಇಡೀ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ. ಫಸಲನ್ನು ಮರದ ಮೇಲೆಯೇ ಕೊಳ್ಳುವ ಖೇಣಿದಾರ ಕೂಡ ತೋಟ ಸುತ್ತುವಾಗ ಮನಸ್ಸಿನಲ್ಲಿ ಈ ಲೆಕ್ಕವನ್ನೇ ಹಾಕುತ್ತಿರುತ್ತಾನೆ.

ಬಲ್ಲವರು ಪರೀಕ್ಷಿಸುವ ಕ್ರಮ ಹೀಗೆ: ಮೊದಲು ಮೈ ನೋಡಬೇಕು. ಚೊಗರಿನ ಹೊಳಪು ಒಳಗಿನಿಂದ ಬಂದಂತೆ ತಣ್ಣಗಿರುತ್ತದೆ. ಕೃತಕ ಬಣ್ಣ ಒದ್ದೆ ಬೆರಳಿಗೆ ಅಂಟೀತು. ಎರಡನೆಯದು ಸದ್ದು. ಚೆನ್ನಾಗಿ ಒಣಗಿದ ಅಡಿಕೆಯನ್ನು ಬೊಗಸೆಯಲ್ಲಿ ಆಡಿಸಿದರೆ ಕಲ್ಲಿಗೆ ಕಲ್ಲು ತಾಗಿದಂತೆ ಗಟ್ಟಿಯಾದ ಸದ್ದು. ಹಸಿ ಉಳಿದಿದ್ದರೆ ಸದ್ದು ಮಂಕು. ಮೂರನೆಯದು ಅಡಕತ್ತರಿಯ ತೀರ್ಪು. ಕತ್ತರಿಸಿದ ಮುಖದಲ್ಲಿ ಬಿಳಿ ಕಂದು ಗೆರೆಗಳು ಶುಚಿಯಾಗಿ ಹೆಣೆದುಕೊಂಡಿರಬೇಕು. ಕಪ್ಪು ಚುಕ್ಕೆ, ಹುಳುವಿನ ತೂತು, ಟೊಳ್ಳು ಇರಬಾರದು. ಆಮೇಲೆ ಮೂಗು: ಬೂಷ್ಟಿನ ವಾಸನೆ ಮುಚ್ಚಿಟ್ಟರೂ ಮುಚ್ಚುವುದಿಲ್ಲ. ಕಟ್ಟಕಡೆಗೆ ನಾಲಿಗೆ. ಅದಕ್ಕೆ ಒಂದು ಚೂರು ಸಾಕು. ಮೊದಲು ಒಗರು ನಾಲಿಗೆಯ ಅಂಚನ್ನು ಹಿಡಿಯಬೇಕು, ಹಿಡಿದು ಮೆಲ್ಲನೆ ಬಿಡಬೇಕು. ಬಿಟ್ಟ ಮೇಲೆ ತೆಳುವಾದ ಸವಿ ಉಳಿಯಬೇಕು. ಬಿಡದೆ ಗಂಟಲು ಬಿಗಿದರೆ ಪಾಕ ಸಾಲದು. ಏನೂ ಹಿಡಿಯದೆ ಮರದ ಚೂರಿನಂತಿದ್ದರೆ ಕಾಯಿ ಬಲಿತದ್ದು.

ರಸಿಕತೆಯ ಇನ್ನೊಂದು ಮುಖ

ಈ ರಸಿಕತೆಗೆ ನಮ್ಮಲ್ಲಿ ರಾಜಮರ್ಯಾದೆಯೇ ಇತ್ತು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳ ಸಾಲಿನಲ್ಲಿ ತಾಂಬೂಲವೂ ಸೇರಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ವೀಳ್ಯದ ಗುಣಗಾನ ಮಾಡಿದ್ದಾನೆ.

ಆದರೆ ಬಾಯಿಗೆ ಒಗ್ಗದವರು ಅಡಿಕೆ ಮೆದ್ದಾಗ ಏನಾಗುತ್ತದೆಂಬುದೂ ನಮ್ಮ ಹಿರಿಯರಿಗೆ ತಿಳಿದಿತ್ತು. ತಲೆ ಸುತ್ತಿ, ಕಿವಿ ಬಿಸಿಯೇರಿ, ಹಣೆಯಲ್ಲಿ ಬೆವರೊಡೆದರೆ "ಅಡಿಕೆ ಸೊಕ್ಕಿತು" ಎನ್ನುತ್ತಿದ್ದರು. ಖಡಕ್ ಸಿಗಾರ್ ಸೇದಿದ ಹೊಸಬನಿಗೂ ಹೀಗೆಯೇ ಆಗುತ್ತದೆ. ಅಲ್ಲಿ ನಿಕೋಟಿನ್, ಇಲ್ಲಿ ಅರೆಕೋಲಿನ್. ಎರಡೂ ನರಗಳನ್ನು ಕೆರಳಿಸುವ ಕ್ಷಾರಗಳು. ಸುಣ್ಣ ಸೇರಿದಾಗ ಅಡಿಕೆಯ ಕ್ಷಾರ ಬೇಗ ರಕ್ತಕ್ಕಿಳಿಯುತ್ತದೆ. ಬಾಯಿ ಕೆಂಪೇರುವುದೂ ಅದೇ ಸುಣ್ಣದ ಕೂಟದಿಂದ. ಸೊಕ್ಕು ಅಭ್ಯಾಸದಿಂದ ಅಡಗುತ್ತದೆ, ಆದರೆ ಅಭ್ಯಾಸ ಅಡಗುವುದಿಲ್ಲ.

ವೈದ್ಯರ ಮಾತು ಇಲ್ಲಿ ಸಂದೇಹಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿದೆ. ಕೆನ್ನೆಯ ಒಳಪೊರೆ ಬಿರುಸಾಗಿ ಬಾಯಿ ತೆರೆಯಲಾಗದಂತೆ ಮಾಡುವ ರೋಗವನ್ನು ಆಧುನಿಕ ವೈದ್ಯಸಾಹಿತ್ಯ ಮೊದಲು ವರ್ಣಿಸಿದ್ದು 1952ರಲ್ಲಿ. ರೋಗಿಗಳು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರು. ಅದಕ್ಕೆ ಮುಖ್ಯ ಕಾರಣ ಅಡಿಕೆ ಮೆಲ್ಲುವುದು ಎಂಬುದು ಮುಂದೆ ಸ್ಥಿರಪಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ವಿಭಾಗವು 2004ರಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಂಕ್ತಿಗೆ ಸೇರಿದ್ದೆಂದು ಪ್ರಕಟಿಸಿತು. ಹೊಗೆಯನ್ನು ಎದೆಗೆ ಎಳೆಯುವುದಿಲ್ಲವೆಂಬ ಸಿಗಾರ್ ರಸಿಕನ ಸಮಾಧಾನವೂ ನಿಲ್ಲುವುದಿಲ್ಲ. ಬಾಯಿ, ಗಂಟಲುಗಳ ಅರ್ಬುದ ಅವನನ್ನೂ ಬಿಟ್ಟಿಲ್ಲ. ಅಡಿಕೆ, ಹೊಗೆಸೊಪ್ಪು ಎರಡನ್ನೂ ಬೆರೆಸಿದ ಗುಟ್ಕಾವನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿತು. ಒಂದು ಚೀಟಿ ಎರಡು ಚೀಟಿಯಾಗಿ ಅಂಗಡಿಯಲ್ಲಿ ತೂಗತೊಡಗಿದ್ದನ್ನು ಎಲ್ಲರೂ ಕಂಡಿದ್ದಾರೆ.

ಆ ಚೀಟಿಯೊಳಗಿನ ಪುಡಿಯಲ್ಲಿ ಸರಕು ಯಾವುದು, ಗೊರಬಲು ಯಾವುದು? ಸುಗಂಧದ್ರವ್ಯ ಸುರಿದ ಮೇಲೆ ಚೊಗರಿನ ಹದವನ್ನು ಕೇಳುವವರು ಯಾರು? ದಿನವಿಡೀ ದವಡೆಯಾಡಿಸುವವನ ನಾಲಿಗೆ ಮೊದಲು ಕಳೆದುಕೊಳ್ಳುವುದು ರುಚಿಯನ್ನೇ. ಇತ್ತ ತೋಟದವನ ಸ್ಥಿತಿ ಇಕ್ಕಟ್ಟಿನದು: ಅವನು ಹದವರಿತು ಮಾಡಿದ ಪದಾರ್ಥದ ಬಹುಭಾಗ ರುಚಿಯರಿಯದ ಬಾಯಿಗಳಿಗೇ ಸೇರುತ್ತದೆ, ಅವನ ಧಾರಣೆ ಅವರ ಚಟದ ಮೇಲೆ ನಿಂತಿದೆ. 5 ವರ್ಷ ಕಾದು ಬೆಳೆದ ಮರವನ್ನು ಒಂದು ದಿನದಲ್ಲಿ ಕಡಿದುಹಾಕು ಎನ್ನುವುದು ಸುಲಭವಲ್ಲ. ಅಡಿಕೆಯ ನಡುವೆ ಕಾಳುಮೆಣಸು, ಬಾಳೆ, ಏಲಕ್ಕಿ, ಕೋಕೋ ಬೆಳೆಸಿ ಒಂದೇ ಫಸಲಿನ ಆಸರೆಯನ್ನು ಕಡಮೆ ಮಾಡಿಕೊಳ್ಳುವವರು ಮುಂದಾಲೋಚನೆಯುಳ್ಳವರು.

ಗೃಹಸ್ಥರಾದರೋ ಹಳೆಯ ಕಟ್ಟಳೆಯನ್ನು ನೆನೆಯಬಹುದು. ವಿದ್ಯಾರ್ಥಿಗೆ, ಬ್ರಹ್ಮಚಾರಿಗೆ ತಾಂಬೂಲ ಸಲ್ಲದೆಂದು ಹಿಂದಿನವರು ವಿಧಿಸಿದ್ದರು. ಎಳೆಯರ ಕೈಗೆ ಅಡಿಕೆಯ ಚೂರನ್ನಾಗಲಿ, ಥಳಥಳಿಸುವ ಚೀಟಿಯನ್ನಾಗಲಿ ಕೊಡದಿರುವುದು ಇಂದಿಗೂ ಮನೆಯ ಹಿರಿಯರ ಹೊಣೆ. ಬಾಗಿನದಲ್ಲಿ, ನಿಶ್ಚಿತಾರ್ಥದ ತಟ್ಟೆಯಲ್ಲಿ, ಕಲಶದ ಮುಂದೆ ಇಡುವ ಅಡಿಕೆಗೆ ಯಾವ ಕೊರತೆಯೂ ಬಾರದು. ಅದನ್ನು ಮೆಲ್ಲಲೇಬೇಕೆಂಬ ನಿಯಮವಿಲ್ಲ.

ಮುಂದಿನ ಸಾರಿ ತಟ್ಟೆ ಎದುರಿಗೆ ಬಂದಾಗ ಒಂದು ಇಡಿ ಅಡಿಕೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ. ಆ ಕೆಂಪಿನ ಹಿಂದೆ ಮರವೇರಿದವನ ತೋಳು, ಸುಲಿದವಳ ಬೆರಳು, ಹಂಡೆಯ ಮುಂದೆ ರಾತ್ರಿಯೆಲ್ಲ ಕುಳಿತವರ ಕಣ್ಣು ಇವೆ. ಅಷ್ಟನ್ನು ಕಂಡು, ಮೂಸಿ, ಮತ್ತೆ ತಟ್ಟೆಯಲ್ಲಿಟ್ಟರೂ ತರೀಕೆರೆಯ ಅಡಿಕೆಗೆ ಸಲ್ಲಬೇಕಾದ ಮರ್ಯಾದೆ ಸಂದಂತೆಯೇ.