ಎತ್ತಿನ ಗೊರಸಿನ ಗಾಯಕ್ಕೆ ಸೀಮೆಎಣ್ಣೆ ಹಾಕಬಹುದೇ?

ಹಾಕಬೇಡಿ. ಅಂಥ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಫಾರ್ವರ್ಡ್ ಕೂಡ ಮಾಡಬೇಡಿ. ಸೀಮೆಎಣ್ಣೆಗೆ ಹುಳ ಸತ್ತರೂ ಗಾಯದ ಹಸಿ ಮಾಂಸ ಸುಡುತ್ತದೆ.

ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಕಡೆಯ ಗದ್ದೆಯ ಕೆಸರಲ್ಲಿ ಗೊರಸು ಮೆತ್ತಗಾಗುತ್ತದೆ. ಜಗಳೂರಿನ ಒಣ ಹೊಲದಲ್ಲಿ ಚೂಪುಗಲ್ಲು ಚುಚ್ಚುತ್ತದೆ. ಕುದುರೆಗೆ ಕಾಲಿಗೊಂದೇ ಗೊರಸು, ನಮ್ಮ ಎತ್ತಿಗೆ ಎರಡು ಹೋಳು. ಅದೇ ಅನುಕೂಲ. ಪಶುವೈದ್ಯರು ಕೆಟ್ಟ ಗೊರಸನ್ನು ಕೆತ್ತಿ, ಕೀವು ತೆಗೆದು, ಚೆನ್ನಾಗಿರುವ ಹೋಳಿನ ಅಡಿಗೆ ಮರದ ತುಂಡು ಅಂಟಿಸಬಹುದು. ಆಗ ಭಾರವೆಲ್ಲ ಅದರ ಮೇಲೆ ಬಿದ್ದು, ನೊಂದ ಹೋಳು ನೆಲ ಮುಟ್ಟದೆ ಮಾಯುತ್ತದೆ. ಗೊರಸು ತಿಂಗಳಿಗೆ ಬೆಳೆಯುವುದೇ ಸುಮಾರು 5 ಮಿ.ಮೀ. ಕುಂಟು ನಿಂತ ಮಾತ್ರಕ್ಕೆ ನೊಗ ಹೂಡಬೇಡಿ. ಒಣ ಕೊಟ್ಟಿಗೆಯಲ್ಲಿ ಕಟ್ಟಿ.

ಜೊಲ್ಲು, ಬಾಯಿಹುಣ್ಣೂ ಇದ್ದರೆ ಕಾಲುಬಾಯಿ ಜ್ವರವಿರಬಹುದು. ಆ ರಾಸನ್ನು ಬೇರೆ ಕಟ್ಟಿ, 1962ಕ್ಕೆ ಕರೆ ಮಾಡಿ.