ಯಾವ ಮನ್ಯಾಗ?

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಸಂಜೆ ಆರರ ಮೇಲೆ ಕೂತರೆ ಈ ಸೀಮೆಯ ಅರ್ಧ ಕಥೆ ಗಂಟು ಕಟ್ಟಿಕೊಂಡು ಎದುರಿಗೇ ಕೂತಿರುತ್ತದೆ. ಜೋಳದ ಹಿಟ್ಟಿನ ಚೀಲ, ಮಸಿ ಹಿಡಿದ ಹಂಚು, ಎರಡು ಪ್ಲಾಸ್ಟಿಕ್ ಕೊಡ, ಮಡಚಿ ಹಗ್ಗ ಬಿಗಿದ ಕೌದಿ. ಗಂಟಿನ ಮೇಲೆ ಮಗು, ಮಗುವಿನ ಕೈಯಲ್ಲಿ ಮೊಬೈಲು. ರಾತ್ರಿ ಬಸ್ಸುಗಳ ಹಣೆಯ ಮೇಲೆ ಮಂಗಳೂರು, ಉಡುಪಿ, ಬೆಂಗಳೂರು. ಮಳೆ ಕೈಕೊಟ್ಟ ವರ್ಷವೂ ಇದೇ ನೋಟ, ಬಂದ ವರ್ಷವೂ ಇದೇ. ಗುಳೆ ಎಂಬ ಮಾತು ಇಲ್ಲಿ ಸುದ್ದಿಯಲ್ಲ, ಒಂದು ಹಂಗಾಮು.

ನಾನು ಬಂದದ್ದು ಒಂದು ಪ್ರಶ್ನೆ ಹಿಡಿದುಕೊಂಡು. ಕರೋನಾ ಕಾಲದಲ್ಲಿ ಮನೆಯಲ್ಲಿ ಕೂತು ಏನು ಮಾಡಿದಿರಿ, ಏನು ಮಾತಾಡಿದಿರಿ? ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಿ ಕೇಳಬೇಕೆಂದಿತ್ತು. ಹಂಚಿನ ಗಂಟಿನ ಪಕ್ಕದ ಹೆಂಗಸನ್ನೇ ಮೊದಲು ಕೇಳಿದೆ. ಆಕೆ ಎಲೆ-ಅಡಿಕೆ ಒಂದು ಬದಿಗೆ ಸರಿಸಿ ನನ್ನನ್ನು ನೋಡಿದಳು.

“ಯಾವ ಮನ್ಯಾಗ್ರಿ?”

ಮುಂದಿನ ಮೂರು ದಿನ ನನ್ನ ಪ್ರಶ್ನೆಗಿಂತ ಈ ಮರುಪ್ರಶ್ನೆಯೇ ನನ್ನ ಜೊತೆ ತಿರುಗಿತು.

ಆಕೆಯ ಲೆಕ್ಕದಲ್ಲಿ ಮನೆಗಳು ಮೂರು. ಮೊದಲನೆಯದು ಬೆಂಗಳೂರಿನಲ್ಲಿ ಕಟ್ಟಡದ ಕೆಲಸದವರ ತಗಡಿನ ಶೆಡ್ಡು. 2020ರ ಮಾರ್ಚ್ 25, ಯುಗಾದಿ. ಅದೇ ದಿನ ದೇಶವೇ ಬಾಗಿಲು ಹಾಕಿಕೊಂಡಿತು. “ಹೋಳಿಗಿ ಇಲ್ಲ, ಬೇವಿಲ್ಲ. ಹೊರಗ ಹೋದ್ರ ಪೊಲೀಸ್ರು, ಒಳಗ ಕುಂತ್ರ ತಗಡು ಕಾಯ್ತಿತ್ತು.” ಮೇ 3ರಿಂದ ಸರ್ಕಾರ ಪುಕ್ಕಟೆ ಬಸ್ಸು ಬಿಟ್ಟಾಗ ಊರಿಗೆ ಬಂದರು. ಊರ ಬಾಯಿಯಲ್ಲಿ ಜಾಲಿ ಮುಳ್ಳು ಎಳೆದಿದ್ದರು. ಹದಿನಾಲ್ಕು ದಿನ ಹೊಲದಲ್ಲಿ ಇರಿ ಎಂದರು ಹಿರಿಯರು. ಎರಡನೆಯ ಮನೆ ಅದು, ಬೇವಿನ ಗಿಡದ ಕೆಳಗೆ ತಾಡಪತ್ರಿ ಕಟ್ಟಿದ ಗುಡಿಸಲು. “ನಮ್ಮತ್ತಿ ಬುತ್ತಿ ತಂದು ಬದುವಿನ ಮ್ಯಾಲ ಇಟ್ಟು ಹಿಂದ ಸರದು ನಿಂದ್ರತಿದ್ಲು. ಸಣ್ಣಾಕಿ ಅಜ್ಜಿ ಕೂಡ ಇದ್ಲು. ಬದುವಿನ ಆ ಕಡೆಯಿಂದ ‘ಯವ್ವಾ’ ಅಂತಿದ್ಲು. ಹೋಗಂಗಿಲ್ಲ, ಎತ್ಕಳಂಗಿಲ್ಲ.” ಮೂರನೆಯದು ಸ್ವಂತ ಮನೆ. ಅದರ ಕದಕ್ಕೆ ಎಂಟು ತಿಂಗಳಿಂದ ಬೀಗ. ಕೀಲಿ ತುಕ್ಕು ಹಿಡಿದು, ಗುಂಡುಕಲ್ಲಿನಿಂದ ಒಡೆದು ಒಳಗೆ ಹೋದರಂತೆ.

ಬಸ್ಸು ಬಂತು. ಗಂಟುಗಳು ಮೇಲೇರಿದವು. ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ರೈಲೂ ಬಂದಿದೆ, ಹುಬ್ಬಳ್ಳಿಗೆ. ಇವರ ದಾರಿ ಇನ್ನೂ ಬಸ್ಸಿನದೇ.

ದೋಟಿಹಾಳದ ಕಡೆ ಹೋದರೆ ಮನೆ ಎಂಬ ಮಾತಿಗೆ ಬೇರೊಂದು ಅರ್ಥ. ಇಳಕಲ್ ಸೀರೆಯ ಸೀಮೆ ಇದು. ದೋಟಿಹಾಳ, ಹನುಮಸಾಗರಗಳ ಓಣಿಗಳಲ್ಲಿ ಮಗ್ಗಗಳಿವೆ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನಿಗೆ ಮನೆಯೇ ಕಾರ್ಖಾನೆ, ಅಜ್ಜನ ಕಾಲದಿಂದಲೂ. ‘ಮನೆಯಿಂದಲೇ ಕೆಲಸ’ ಎಂದು ಬೆಂಗಳೂರು 2020ರಲ್ಲಿ ಹೊಸದಾಗಿ ಕಂಡುಹಿಡಿದದ್ದನ್ನು ನೆನೆದು ನನಗೆ ನಗು ಬಂತು. ಆತನಿಗೆ ಬರಲಿಲ್ಲ. “ಮಗ್ಗ ಮನ್ಯಾಗ ಐತ್ರಿ. ನೂಲು ಹೊರಗಿಂದ ಬರಬೇಕು, ಸೀರಿ ಹೊರಗ ಹೋಗಬೇಕು. ಎರಡೂ ನಿಂತ್ರ ಮಗ್ಗ ಅಂದ್ರ ಬರೇ ಕಟ್ಟಿಗಿ.” ಮದುವೆಯ ಸುಗ್ಗಿ ಏಪ್ರಿಲ್-ಮೇ, ಮದುವೆಗಳೇ ನಿಂತವು. ಆ ಮೇ ತಿಂಗಳ ಮೊದಲ ವಾರ ಸರ್ಕಾರ 1,610 ಕೋಟಿ ರೂಪಾಯಿಯ ನೆರವು ಸಾರಿತು. ಅದರಲ್ಲಿ ಕೈಮಗ್ಗದ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ. ಅದರ ಬಗ್ಗೆ ಆತ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಲಾಳಿ ಎಸೆದ.

ಯಲಬುರ್ಗಾ ದಾರಿಯಲ್ಲಿ ನೆಲ ಕಪ್ಪಾಗುತ್ತದೆ. ಎರೆ ಹೊಲ, ಕಡಲೆ, ಜೋಳ. ಕುಕನೂರು ಈಗ ಬೇರೆ ತಾಲ್ಲೂಕು, ಆದರೂ ಜನರ ಬಾಯಲ್ಲಿ ಎಲ್ಲ ಒಂದೇ ಸೀಮೆ. ಇಲ್ಲಿನ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ. ನಾನು ಉಳಿದದ್ದು ಮಾತ್ರ ಚಕ್ರವರ್ತಿಗಳಿಲ್ಲದ ಒಂದು ಸಣ್ಣ ಊರಿನಲ್ಲಿ, ಮಾಳಿಗೆ ಮನೆಯಲ್ಲಿ.

ಮಾಳಿಗೆ ಮನೆ ನೋಡದವರಿಗೆ ಇಷ್ಟು ಹೇಳಬೇಕು. ಜಂತಿಯ ಮೇಲೆ ಮಣ್ಣು ಹಾಕಿ ಬಡಿದ ಚಪ್ಪಟೆ ಸೂರು. ಹೊಸ್ತಿಲು ದಾಟಿದೊಡನೆ ಒಂದು ಕಡೆ ದನ ಕಟ್ಟುವ ಜಾಗ, ಮೆಟ್ಟಿಲೆತ್ತರಕ್ಕೆ ಪಡಸಾಲೆ, ಅದರಾಚೆ ಅಡಿಗೆ ಮನೆ. ನಡುವೆ ಬೆಳಕಿಂಡಿಯಿಂದ ಕೋಲಿನಂತೆ ಇಳಿವ ಬಿಸಿಲು. ಒಳಗೆ ತಂಪು, ಕತ್ತಲೆ, ಸೆಗಣಿ-ಮೇವಿನ ವಾಸನೆ. ಮನೆಗಳಿಗೆ ಗೋಡೆ ಹಂಚಿಕೆ. ಹಾಗಾಗಿ ಮಾಳಿಗೆಗಳೂ ಒಂದಕ್ಕೊಂದು ಅಂಟಿವೆ. ಓಣಿಯ ಈ ತುದಿಯಲ್ಲಿ ಏಣಿ ಹತ್ತಿದರೆ ಆ ತುದಿಯಲ್ಲಿ ಇಳಿಯಬಹುದು.

ಈ ಮನೆಯಲ್ಲಿ ಯಾರೂ ‘ಇರುವುದಿಲ್ಲ’. ಮಲಗುತ್ತಾರೆ, ಉಣ್ಣುತ್ತಾರೆ, ದನ ಕಟ್ಟುತ್ತಾರೆ. ಇರುವುದು ಹೊರಗಿನ ಕಟ್ಟೆಯ ಮೇಲೆ. ಮನೆಯಲ್ಲೇ ಇರಿ ಎಂಬ ಆದೇಶ ಬರೆದವರ ಕಣ್ಣಿನಲ್ಲಿದ್ದ ಮನೆಯಲ್ಲಿ ನಲ್ಲಿ ಒಳಗಿತ್ತು, ಸಂಡಾಸು ಒಳಗಿತ್ತು, ವಾರದ ಸಂತೆ ಫ್ರಿಜ್ಜಿನಲ್ಲಿತ್ತು. ಇಲ್ಲಿ ನೀರಿಗೆ ಹೊರಗೆ ಬರಬೇಕು, ಬಯಲಿಗೆ ಹೊರಗೆ ಹೋಗಬೇಕು, ಎಮ್ಮೆಗೆ ಆದೇಶ ಓದಿ ಹೇಳುವವರಿಲ್ಲ. ಹಲಗಿ ಬಡಿದು ಡಂಗುರ ಸಾರಿದವನೇ ಸಾರಿದ ಮೇಲೆ ಮನೆಗೆ ಹೋಗದೆ ಅಗಸಿ ಕಟ್ಟೆಯ ಮೇಲೆ ಕೂತನಂತೆ, ಎಲ್ಲರೂ ನಕ್ಕರಂತೆ.

ಎರಡು ದಿನ ಪೊಲೀಸ್ ಜೀಪು ಬಂತು. ಕಟ್ಟೆ ಖಾಲಿಯಾಯಿತು. ಮಾತು ಮಾಳಿಗೆ ಹತ್ತಿತು.

“ಕೆಳಗ ಓಣಿ ಭಣಭಣ. ಮ್ಯಾಲ ಜಾತ್ರಿ” ಎಂದ ಮನೆಯ ಹುಡುಗ. ಆಗ ಏಳನೆಯ ಇಯತ್ತೆ, ಈಗ ಕಾಲೇಜು. ಅವನ ಲೆಕ್ಕದಲ್ಲಿ ಬದುಕಿನ ಒಳ್ಳೆಯ ಬೇಸಿಗೆ ಅದೇ. ಒಂದೊಂದು ಮಾಳಿಗೆಯ ಮೇಲೆ ಒಂದೊಂದು ಮನೆ ಮಂದಿ, ನಡುವೆ ಅಡ್ಡಗೋಡೆಯೂ ಇಲ್ಲ, ಅಂತರವೂ ಇದೆ. ಹಗಲು ಹೊತ್ತು ಹೆಂಗಸರು ಹಪ್ಪಳ, ಸಂಡಿಗೆ ಹರವುತ್ತ ದೂರದಿಂದಲೇ ಕೂಗಿ ಮಾತಾಡಿದರು. ಶ್ಯಾವಿಗೆ ಪ್ರತಿ ವರ್ಷ ನಾಲ್ಕು ಮನೆಯವರು ಕೂಡಿ ಮಾಡುವುದು. ಆ ವರ್ಷ ಬೇರೆ ಬೇರೆ ಮಾಡಿದರು. ಯಾರ ಶ್ಯಾವಿಗೆ ಎಳೆ ಸಣ್ಣ ಎಂಬ ಜಗಳ ಮಾತ್ರ ಕೂಡಿಯೇ ನಡೆಯಿತು. ಕತ್ತಲಾದ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದವರ ಮಾತು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಊರ ತುದಿ ಮುಟ್ಟುತ್ತಿತ್ತು. ಪುಣೆಯಿಂದ ಯಾರು ನಡೆದು ಬಂದರು, ಯಾರ ಮಗ ಗೋವಾದಲ್ಲಿ ಸಿಕ್ಕಿಕೊಂಡ, ಪಡಿತರದ ಅಕ್ಕಿ ಎಷ್ಟು ಬಂತು. ಯಾರಿಗೆ ಫೋನು ಹಚ್ಚಿದರೂ ಮೊದಲು ಕರೋನಾ ಎಚ್ಚರಿಕೆಯ ಆ ಸರ್ಕಾರಿ ಕೆಮ್ಮು. “ನಮ್ಮ ಮಾವನ ಮನಿಗಿ ಹಚ್ಚಿದ್ರ, ಅಯ್ಯೋ ಮಾವ ಕೆಮ್ಮಾಕತ್ಯಾನ ಅಂತ ನಮ್ಮವ್ವ ಅತ್ಲು” ಎಂದ ಹುಡುಗ. ಅವ್ವ ಒಲೆಯ ಮುಂದಿನಿಂದ, “ಸುಳ್ಳು. ನಾ ಎಲ್ಲಿ ಅತ್ತೀನಿ?” ಎಂದಳು.

ಎಲ್ಲರಿಗೂ ಮಾಳಿಗೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಊರಾಚೆಯ ಪ್ಲಾಟಿನಲ್ಲಿ ಯೋಜನೆಯ ಮನೆಗಳಿವೆ: ಒಂದು ಕೋಣೆ, ತಗಡು ಇಲ್ಲವೆ ಆರ್‌ಸಿಸಿ, ಮೇಲೆ ಹತ್ತಲು ಮೆಟ್ಟಿಲಿಲ್ಲ. ಅಲ್ಲಿನವರ ಬೇಸಿಗೆ ಹುಡುಗನ ಬೇಸಿಗೆಯಂತಿರಲಿಲ್ಲ. ಅಲ್ಲಿ ಒಬ್ಬಾಕೆ ಹೇಳಿದ್ದು ಇಷ್ಟೆ: “ಒಂದು ಕ್ವಾಣಿ, ಆರು ಮಂದಿ, ಒಂದು ಫ್ಯಾನು. ಕರೆಂಟು ಹೋದ್ರ ಎಲ್ಲಾರೂ ಬೈದಾಡೋದು.”

ಪಡಸಾಲೆಯ ಕಂಬಕ್ಕೆ ಒರಗಿ ಅಷ್ಟೂ ಹೊತ್ತು ಕೇಳುತ್ತಿದ್ದ ಅಜ್ಜಿ, ಎಂಬತ್ತರ ಮೇಲಿರಬೇಕು, ಆಗ ಬಾಯಿ ಬಿಟ್ಟಳು. “ಈ ಬ್ಯಾನಿ ಉಲ್ಟಾ ನೋಡಪ. ನಮ್ಮತ್ತಿ ಹೇಳತಿದ್ಲು, ಪಲೇಗಿನ್ಯಾಗ ಇಲಿ ಬಿತ್ತಂದ್ರ ಮನಿ ಬಿಡಬೇಕು. ಊರಿಗೂರ ಹೊಲದಾಗ ಗುಡಸಲಾ ಹಾಕ್ಕೊಂಡು ಇರತಿದ್ರಂತ. ಈಗಿಂದು ಮನ್ಯಾಗ ಹೊಕ್ಕೊ ಅಂತು.”

ಅಜ್ಜಿಯ ಮಾತಿನಲ್ಲಿ ಇತಿಹಾಸವಿದೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಎರಡು ವರ್ಷದೊಳಗೆ ಹುಬ್ಬಳ್ಳಿ-ಧಾರವಾಡಕ್ಕೆ ಇಳಿಯಿತು. ಆಮೇಲೆ ದಶಕಗಳ ಕಾಲ ಬಂದು ಬಂದು ಹೋಯಿತು. ಈ ಊರುಗಳು ಆಗ ನಿಜಾಮರ ಸೀಮೆ. ಇಲಿಯ ಮೈಮೇಲಿನ ಚಿಗಟದಿಂದ ಹರಡುವ ಬೇನೆಗೆ ಮನೆಯೇ ಶತ್ರು, ಬಯಲೇ ಮದ್ದು. ಉಸಿರಿನಿಂದ ಹರಡುವ ಬೇನೆಗೆ ಗುಂಪು ಶತ್ರು. ಅಜ್ಜಿಗೆ ಚಿಗಟದ ಸಂಗತಿ ಗೊತ್ತಿರಲಿಕ್ಕಿಲ್ಲ, ಆದರೆ ಬೆಂಗಳೂರಿನಿಂದ ಬಂದವರನ್ನು ಹೊಲಕ್ಕೆ ಕಳಿಸಿದ ಹಿರಿಯರಿಗೆ ದಾರಿ ತೋರಿಸಿದ್ದು ಟಿ.ವಿ. ಅಲ್ಲ, ಈ ಅತ್ತೆ-ಸೊಸೆಯರ ಬಾಯಿಮಾತು. ಕುಷ್ಟಗಿಯ ಆ ಹೆಂಗಸಿನ ‘ಎರಡನೆಯ ಮನೆ’ ನೂರು ವರ್ಷ ಹಳೆಯದು.

2020ರ ಆ ಬೇಸಿಗೆಯಲ್ಲಿ ಊರು ತುಂಬಿತ್ತು. ಬೀಗ ಬಿದ್ದ ಮನೆಗಳ ಕದ ತೆಗೆದವು. ‘ಖಾತ್ರಿ ಕೆಲಸ’ಕ್ಕೆ, ಅಂದರೆ ಉದ್ಯೋಗ ಖಾತ್ರಿಯ ಕೆರೆ ಹೂಳು, ಬದು, ಕೃಷಿಹೊಂಡಗಳಿಗೆ, ಹಿಂದೆಂದೂ ಬಾರದವರು ಬಂದರು. ಅದರ ಕೂಲಿ ದಿನಕ್ಕೆ 275 ರೂಪಾಯಿಗೆ ಏರಿತ್ತು. ಆಗಸ್ಟಿನಲ್ಲಿ, ಮಾಸ್ತರೇ ಮಕ್ಕಳಿದ್ದಲ್ಲಿಗೆ ಬಂದು ಕಲಿಸುವ ವಿದ್ಯಾಗಮ ಶುರುವಾಗಿ ಗುಡಿಯ ಕಟ್ಟೆ, ಬೇವಿನ ಗಿಡದ ನೆರಳು ಶಾಲೆಯಾದವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಕಟ್ಟೆಯ ಕಲ್ಲಿನಲ್ಲಿ ಯಾವ ಕಾಲದ್ದೋ ಹುಲಿ-ಕುರಿ ಆಟದ ಗೆರೆಗಳಿವೆ. ಮಾಸ್ತರು ಅದರ ಮೇಲೇ ಕೋನ, ತ್ರಿಕೋನ ತೋರಿಸಿದರೆಂದು ಹುಡುಗ ಹೇಳಿದ. ಮರುದಿನ ಬೆಳಿಗ್ಗೆ ಓಣಿಯಲ್ಲಿ ನಡೆಯುತ್ತ ಲೆಕ್ಕ ಹಾಕಿದೆ: ಇಪ್ಪತ್ತೆರಡು ಮನೆ, ಒಂಬತ್ತು ಬೀಗ.

ಕೊಪ್ಪಳಕ್ಕೆ ಬಂದಾಗ ಮಧ್ಯಾಹ್ನ. ಬಿಸಿಲಿಗೆ ಬಂಡೆಗಳು ಕಾದಿದ್ದವು. ಇದು ಹಿಂದಿನ ಕೊಪಣ, ಜೈನರ ಮಹಾತೀರ್ಥ. ಅಶೋಕನ ಶಾಸನ ಗವಿಮಠದಲ್ಲೂ ಇದೆ, ಪಾಲ್ಕಿಗುಂಡಿನಲ್ಲೂ ಇದೆ. ಪಾಲ್ಕಿಗುಂಡಿನಲ್ಲಿ ಬಂಡೆಯ ಮೇಲೆ ಜೈನ ಮುನಿ ಜಟಾಸಿಂಹನಂದಿಯ ಪಾದಗಳನ್ನು ಕೆತ್ತಿದ್ದಾರೆ. ಉಣ್ಣುವುದು, ಓಡಾಡುವುದು ಎಲ್ಲವನ್ನೂ ತಾವಾಗಿ ಬಿಟ್ಟು ಒಂದೆಡೆ ಕೂರಲು ಜನ ಈ ಗುಡ್ಡಗಳಿಗೆ ಬರುತ್ತಿದ್ದರು. ತಾನಾಗಿ ಕೂರುವುದಕ್ಕೂ ಕೂರಿಸುವುದಕ್ಕೂ ಎಷ್ಟು ದೂರ ಎಂದು ಯೋಚಿಸುತ್ತ ಆ ಪಾದಗಳ ಪಕ್ಕ ನಾನೂ ಕೂತೆ. ಐದು ನಿಮಿಷಕ್ಕೆ ಎದ್ದೆ, ಬಂಡೆ ಅಷ್ಟು ಬಿಸಿ.

2020ರ ಏಪ್ರಿಲ್ ಕೊನೆಗೆ ಕೇಂದ್ರದ ಪಟ್ಟಿಯಲ್ಲಿ ಕೊಪ್ಪಳ ಹಸಿರು ವಲಯ. ಆ ವರ್ಷದ ಮಾತನ್ನು ಜನ ನಗುತ್ತ ಆಡುತ್ತಾರೆ. 2021 ಎಂದ ಕೂಡಲೇ ಮಾತು ಬೇರೆ ಕಡೆ ತಿರುಗುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಗವಿಮಠ ತನ್ನ ವೃದ್ಧಾಶ್ರಮದ ಕಟ್ಟಡವನ್ನು ನೂರು ಹಾಸಿಗೆಯ ಕೋವಿಡ್ ಆಸ್ಪತ್ರೆ ಮಾಡಿತು. ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನರಿಗೆ ದಾಸೋಹ ನಡೆಸುವ ಮಠ ಅದು. ಎದುರಿನ ಅಂಗಡಿಯವನನ್ನು ಆ ದಿನಗಳ ಬಗ್ಗೆ ಕೇಳಿದೆ. ಕಾಯಿ-ಕರ್ಪೂರದ ಚೀಲ ಕಟ್ಟುತ್ತ, “ಬ್ಯಾಡ್ರಿ ಅದು” ಎಂದ. ನಾನೂ ಮುಂದೆ ಕೇಳಲಿಲ್ಲ.

ಕಿನ್ನಾಳ ಹತ್ತಿರವೇ. ಚಿತ್ರಗಾರರ ಪಡಸಾಲೆಯಲ್ಲಿ ಹಗುರ ಮರದ ಗೊಂಬೆಗಳು, ಹುಣಸೆ ಬೀಜದ ಅಂಟು, ಮೈಗೆ ಬಳಿಯುವ ಕಿಟ್ಟ, ಬಣ್ಣ. ಜಾತ್ರೆಗಳು ನಿಂತ ವರ್ಷ ಕೊಳ್ಳುವವರಿಲ್ಲದೆ ಗೊಂಬೆಗಳು ಮನೆಯಲ್ಲೇ ಉಳಿದವು. “ನಮ್ಮ ಕೂಡ ಅವೂ ಲಾಕ್‌ಡೌನ್” ಎಂದ ಹಿರಿಯ ಕೈ ಅಲ್ಲಾಡಿಸದೆ ಗರುಡನ ಕಣ್ಣು ಬರೆದ.

ಗಂಗಾವತಿ ದಾರಿ ಹಿಡಿದರೆ ದೇಶವೇ ಬದಲಾದಂತೆ. ತುಂಗಭದ್ರಾ ಎಡದಂಡೆ ಕಾಲುವೆ, ಕಣ್ಣು ಹಾಯುವಷ್ಟು ಭತ್ತ, ವಲಸೆ ಬಂದ ರೈತರ ‘ಕ್ಯಾಂಪು’ಗಳು, ಅಕ್ಕಿ ಗಿರಣಿಗಳು. ಇಲ್ಲಿ ಮನೆಯಲ್ಲಿರಿ ಎಂದು ಭತ್ತಕ್ಕೆ ಹೇಳಲಾಗಲಿಲ್ಲ. ಬೇಸಿಗೆ ಬೆಳೆ ಏಪ್ರಿಲ್ ಹೊತ್ತಿಗೆ ಕೊಯ್ಲಿಗೆ ನಿಂತಿತ್ತು. ಪೇಟೆಯವರು ಬೇರೊಂದು ನಷ್ಟ ನೆನೆದರು. ಬೆಳಿಗ್ಗೆ ಮಂಡಾಳ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಇಲ್ಲದೆ ಹಗಲು ಶುರುವಾಗದ ಊರು ಇದು. “ಮನ್ಯಾಗ ಮಾಡಿದ್ವಿ. ಎಣ್ಣಿ ಅದ, ಹಿಟ್ಟು ಅದ, ಮೆಣಸಿನಕಾಯಿ ಅದ. ಬಂಡಿ ರುಚಿ ಬರಲಿಲ್ಲ” ಎಂದರೊಬ್ಬರು. ನಿಂತು ತಿನ್ನುತ್ತ ಆಡುವ ಮಾತೂ ಮಿರ್ಚಿಯ ಒಂದು ಮಸಾಲೆ ಇರಬೇಕು. ಆ ಕೊರತೆ ತುಂಬಿದ್ದು ಇದೇ ಊರಿನ ಪ್ರಾಣೇಶರ ಹಾಸ್ಯ ಭಾಷಣಗಳು. ಮೊಬೈಲಿನಲ್ಲಿ ಹಚ್ಚಿ ನಡುವೆ ಇಟ್ಟುಕೊಂಡರೆ ಮನೆಯಲ್ಲೇ ನಾಲ್ಕು ಮಂದಿ ಕೂತಂತೆ.

ಕೊನೆಗೆ ಆನೆಗೊಂದಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆಯ ಎರಡೂ ಊರು ಇಲ್ಲಿಂದ ದೂರವಿಲ್ಲ. ಆ ವರ್ಷ ಕಾಲಿದ್ದೂ ಉಪಯೋಗವಿರಲಿಲ್ಲ. ಹೊಳೆಯ ದಂಡೆಯ ಓಣಿಯಲ್ಲಿ ಒಬ್ಬ ಮುದುಕ, ಅವನ ಹೆಂಡತಿ. ಬಾಗಿಲಿನಿಂದ ಅಂಜನಾದ್ರಿ ಕಾಣುತ್ತದೆ. ಬೆಟ್ಟಕ್ಕೆ ಜನ ಬರುವುದು ನಿಂತು ಮಂಗಗಳು ಹಸಿದು ಊರಿಗಿಳಿದದ್ದನ್ನು ಮುದುಕ ಹೇಳಿದ. ಮಾರ್ಚ್ 28ರಿಂದ ದೂರದರ್ಶನದಲ್ಲಿ ಮತ್ತೆ ರಾಮಾಯಣ. “ಹಿಂದಿ ನನಗ ಬರಂಗಿಲ್ಲ. ಕಥಿ ಬರತೈತಿ. ಟಿ.ವಿ.ಯಾಗ ಹಣಮಪ್ಪ, ಬಾಗಿಲದಾಗ ಹಣಮಪ್ಪನ ಗುಡ್ಡ, ಮಾಳಗಿ ಮ್ಯಾಲ ಮಂಗ್ಯಾ. ಕಿಷ್ಕಿಂದಾ ಪೂರಾ ಮನ್ಯಾಗ ಬಂತು.” ಹೇಳಿ ತನಗೇ ನಕ್ಕ.

“ಹೌದೌದು” ಎಂದಳು ಹೆಂಡತಿ, ಅಕ್ಕಿ ಆರಿಸುತ್ತ. “ಐವತ್ತು ವರ್ಷದಾಗ ಅವಾಗ ಎರಡ ತಿಂಗಳ ಈತ ನನ್ನ ಕೂಡ ಮಾತಾಡಿದ್ದು. ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಅವಾಗ ಗೊತ್ತಾತು ನೋಡ್ರಿ ಇವಗ.”

“ಎಲ್ಲೈತಿ ಹೇಳ್ಲಾ?” ಎಂದ ಮುದುಕ.

“ಜಾಗಾ ಬದಲಿ ಮಾಡೀನಿ.”

ಅಷ್ಟರಲ್ಲಿ ಹೊರಗಿನ ಕಟ್ಟೆಯಿಂದ ಯಾರೋ ಕೂಗಿದರು. ಮುದುಕ ಟವೆಲ್ಲು ಹೆಗಲಿಗೆ ಹಾಕಿ, ಕೋಲು ತಗೊಂಡು, ನನಗೂ ಹೇಳದೆ ಎದ್ದು ನಡೆದ.