ಹೋಗಲು ಎರಡೂಕಾಲು ಗಂಟೆ, ಬರಲು ಕಾಲು ಗಂಟೆಯೇ?

ಪ್ರಶ್ನೆ: ಲಂಡನ್ನಿನಿಂದ ಪ್ಯಾರಿಸ್ ಎಷ್ಟು ದೂರ? ವಿಮಾನದ ಟಿಕೆಟ್ ನೋಡಿದರೆ ಹೋಗುವಾಗ ಎರಡೂಕಾಲು ಗಂಟೆ, ಬರುವಾಗ ಬರೀ ಕಾಲು ಗಂಟೆ ಎಂಬಂತೆ ಕಾಣುತ್ತದೆ. ಹೀಗೇಕೆ?

ಉತ್ತರ: ನೇರ ಗೆರೆ ಎಳೆದರೆ ಸುಮಾರು 345 ಕಿ.ಮೀ. ಅಷ್ಟೆ. ಇನ್ನು ಟಿಕೆಟ್ಟಿನ ವಿಷಯ. ಅದರಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ. ಪ್ಯಾರಿಸ್ ವರ್ಷವಿಡೀ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಬೇಸಿಗೆಗೆ ಗಡಿಯಾರ ತಿರುಗಿಸುವುದೂ ಎರಡು ಕಡೆ ಒಂದೇ ದಿನ. ಹತ್ತಕ್ಕೆ ಲಂಡನ್ ಬಿಟ್ಟು 12.15ಕ್ಕೆ ಪ್ಯಾರಿಸ್ ಮುಟ್ಟಿದರೆ ನಿಜವಾಗಿ ಹಿಡಿದದ್ದು ಒಂದೂಕಾಲು ಗಂಟೆ. ಮರಳುವಾಗಲೂ ಅಷ್ಟೇ ಹೊತ್ತು, ಆದರೆ ಹತ್ತಕ್ಕೆ ಹೊರಟವರು ಲಂಡನ್ ಗಡಿಯಾರದ 10.15ಕ್ಕೇ ಇಳಿಯುತ್ತಾರೆ.

ಆ ಒಂದೂಕಾಲು ಗಂಟೆಯೂ ಪೂರ್ತಿ ಆಕಾಶದಲ್ಲಿ ಕಳೆಯುವುದಲ್ಲ. ವಿಮಾನ ಈ ನಿಲ್ದಾಣದ ಗೇಟು ಬಿಟ್ಟಲ್ಲಿಂದ ಆ ನಿಲ್ದಾಣದ ಗೇಟಿಗೆ ಬಂದು ನಿಲ್ಲುವವರೆಗಿನ ಲೆಕ್ಕ ಅದು. ಹಾರಾಟ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಉಳಿದದ್ದು ರನ್‌ವೇ ಸರದಿಗೆ, ನೆಲದ ಮೇಲಿನ ಓಡಾಟಕ್ಕೆ.

ನನ್ನನ್ನು ಕೇಳಿದರೆ, ಊರೊಳಗಿಂದ ಊರೊಳಕ್ಕೆ ಹೋಗುವವರಿಗೆ ಯೂರೋಸ್ಟಾರ್ ರೈಲೇ ಸರಿ. ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣ ಪ್ಯಾರಿಸ್ ನಡುವಿನಿಂದ ಸುಮಾರು 25 ಕಿ.ಮೀ. ಆಚೆ. ರೈಲಾದರೆ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಹತ್ತಿ, 1994ರಲ್ಲಿ ತೆರೆದ 50 ಕಿ.ಮೀ. ಉದ್ದದ ಕಡಲಡಿಯ ಸುರಂಗ ದಾಟಿ, ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಪ್ಯಾರಿಸ್ಸಿನ ಗಾರ್ ದು ನಾರ್‌ನಲ್ಲಿ ಇಳಿಯಬಹುದು. ಫ್ರಾನ್ಸಿನ ಪಾಸ್‌ಪೋರ್ಟ್ ತಪಾಸಣೆ ಲಂಡನ್ನಿನಲ್ಲಿ ರೈಲು ಹತ್ತುವ ಮೊದಲೇ ಆಗುತ್ತದೆ. ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ನಡೆಯದು, ಷೆಂಗೆನ್ ವೀಸಾ ಬೇರೆಯಾಗಿಯೇ ಮಾಡಿಸಿಕೊಂಡಿರಬೇಕು.